ಹಾಯಿಹಡಗಿನ ಪಾಠಶಾಲೆ

ಗಾಳಿ ಎಲ್ಲರಿಗೂ ಸೇರಿದುದು. ಅದನ್ನು ಹಿಡಿದು ದುಡಿಸಿಕೊಳ್ಳುವ ವಿದ್ಯೆ ಮಾತ್ರ ಕಲಿತವರಿಗೆ ಸೇರಿದುದು. ಸಾವಿರಾರು ವರ್ಷಗಳ ಕಾಲ ಮನುಷ್ಯನು ಕಡಲನ್ನು ದಾಟಿದುದು ಹುಟ್ಟು ಮತ್ತು ಹಾಯಿಗಳ ಬಲದಿಂದಲೇ. ನಮ್ಮ ಕರಾವಳಿಯ ಮಂಜಿಗಳೂ ಒಂದು ಕಾಲದಲ್ಲಿ ಹಾಯಿ ಬಿಚ್ಚಿ, ಗಾಳಿಯನ್ನೇ ನಂಬಿ ಸರಕು ಸಾಗಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರವು ಹಡಗನ್ನೇರಿತು. ಅದರ ಹಿಂದೆಯೇ ಎಣ್ಣೆಯ ಯಂತ್ರ ಬಂದಿತು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಸಾಗರಗಳನ್ನು ದಾಟುತ್ತಿದ್ದ ದೊಡ್ಡ ಸರಕಿನ ಹಾಯಿಹಡಗುಗಳು ಬಹುಮಟ್ಟಿಗೆ ಕಣ್ಮರೆಯಾದವು.

ಹಡಗುಗಳ ಜೊತೆಗೆ ಇನ್ನೊಂದು ಸಂಪತ್ತೂ ಮರೆಯಾಗತೊಡಗಿತು. ಅದು ಹಡಗನ್ನು ನಡೆಸುವವರ ಕೈಯಲ್ಲಿದ್ದ ಅರಿವು. ಹಾಯಿಯನ್ನು ಹೇಗೆ ಸುತ್ತಬೇಕು, ಯಾವ ಹಗ್ಗವನ್ನು ಯಾವಾಗ ಸಡಿಲಿಸಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬಹುದು. ಆದರೆ ಪುಸ್ತಕ ಓದಿ ಯಾರೂ ಈಜು ಕಲಿತವರಿಲ್ಲ. ಕೈಕೆಲಸದ ವಿದ್ಯೆ ಕೈಯಿಂದ ಕೈಗೆ ದಾಟಬೇಕು. ಒಂದು ತಲೆಮಾರು ಕಲಿಯದೆ ಹೋದರೆ ಮುಂದಿನ ತಲೆಮಾರಿಗೆ ಕಲಿಸುವವರೇ ಇರುವುದಿಲ್ಲ. ಇಂತಹ ವಿದ್ಯೆಯೊಂದನ್ನು ಸಂಬಳವನ್ನು ಬಯಸದೆ, ತಮ್ಮ ಬಿಡುವಿನ ದಿನಗಳನ್ನು ಕೊಟ್ಟು, ಉಳಿಸಿಕೊಂಡು ಬಂದಿರುವ ಜನರಿದ್ದಾರೆ. ಅವರನ್ನು ಅರಿಯಬೇಕಾದರೆ ಮೊದಲು ಅವರು ದುಡಿಯುವ ಒಂದು ಹಡಗಿನ ಕಥೆಯನ್ನು ಕೇಳಬೇಕು.

ಆ ಹಡಗು ನೀರಿಗಿಳಿದುದು ೧೮೬೩ನೆಯ ಇಸವಿಯ ನವೆಂಬರ್ ೧೪ರಂದು, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪದ ರ‍್ಯಾಮ್ಸೆ ಎಂಬ ಊರಿನಲ್ಲಿ. ಆಗ ಅದಕ್ಕೆ ‘ಯೂಟರ್ಪಿ’ ಎಂದು ಹೆಸರಿಟ್ಟರು. ಅದು ಗ್ರೀಕರ ಸಂಗೀತದೇವತೆಯ ಹೆಸರು. ಬಹುಪಾಲು ಹಡಗುಗಳನ್ನು ಮರದಿಂದ ಕಟ್ಟುತ್ತಿದ್ದ ಆ ಕಾಲದಲ್ಲಿ ಇದರ ಒಡಲನ್ನು ಕಬ್ಬಿಣದಿಂದ ಕಟ್ಟಿದ್ದರು. ಒಡಲಿನ ಉದ್ದ ಸುಮಾರು ೨೦೫ ಅಡಿ. ಅಗಲ ೩೫ ಅಡಿ. ಮೂರು ಕೂವೆಮರಗಳು. ಯಂತ್ರವೆಂಬುದು ಅಂದೂ ಇರಲಿಲ್ಲ, ಇಂದಿಗೂ ಇಲ್ಲ.

ಈ ಹಡಗಿನ ಮೊದಲ ಪಯಣ ಹೊರಟುದು ನಮ್ಮ ದೇಶಕ್ಕೆ. ೧೮೬೪ರ ಆರಂಭದಲ್ಲಿ ಅದು ಲಿವರ್‌ಪೂಲ್ ಬಂದರಿನಿಂದ ಕಲ್ಕತ್ತೆಗೆ ಹೊರಟಿತು. ವೇಲ್ಸ್ ದೇಶದ ಕರಾವಳಿಯನ್ನು ದಾಟುವ ಮೊದಲೇ ಮತ್ತೊಂದು ಹಡಗು ಡಿಕ್ಕಿ ಹೊಡೆದು ಅದರ ಮುಂಭಾಗ ಮುರಿಯಿತು. ನಾವಿಕರು ಮುಂದೆ ಸಾಗಲು ಒಪ್ಪದೆ ತಿರುಗಿಬಿದ್ದರು. ಅವರಲ್ಲಿ ಹದಿನೇಳು ಮಂದಿ ಸೆರೆಮನೆ ಸೇರಬೇಕಾಯಿತು. ಎರಡನೆಯ ಪಯಣ ಇದಕ್ಕಿಂತ ಕಠಿಣವಾಗಿದ್ದಿತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಕ್ಕೆ ಸಿಕ್ಕ ಹಡಗನ್ನು ಉಳಿಸಲು ಕೂವೆಮರಗಳ ಮೇಲ್ಭಾಗವನ್ನೇ ಕಡಿದು ಕಡಲಿಗೆ ತಳ್ಳಬೇಕಾಯಿತು. ಹೇಗೋ ಬಂದರು ಸೇರಿ, ದುರಸ್ತಿ ಮಾಡಿಸಿಕೊಂಡು ಹಿಂದಿರುಗುವಾಗ ಅದರ ಮೊದಲ ಕಪ್ತಾನನು ಹಡಗಿನಲ್ಲಿಯೇ ತೀರಿಕೊಂಡನು. ಅವನ ದೇಹವನ್ನು ಕಡಲಿಗೆ ಒಪ್ಪಿಸಿದರು.

ಇಷ್ಟು ಕಷ್ಟಗಳನ್ನು ಕಂಡ ಹಡಗು ಅಲ್ಲಿಗೆ ನಿಲ್ಲಲಿಲ್ಲ. ಮತ್ತೆ ನಾಲ್ಕು ಬಾರಿ ಭಾರತಕ್ಕೆ ಬಂದು ಹೋಯಿತು. ೧೮೭೧ರಿಂದ ಮುಂದೆ ಕಾಲು ಶತಮಾನ ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ವಲಸೆ ಹೋಗುವ ಕುಟುಂಬಗಳನ್ನು ಹೊತ್ತೊಯ್ದಿತು. ಆ ಅವಧಿಯಲ್ಲಿ ಇಪ್ಪತ್ತೊಂದು ಸಲ ಭೂಮಿಯನ್ನೇ ಸುತ್ತಿ ಬಂದಿತು. ಅನಂತರ ಅಲಾಸ್ಕದ ಮೀನಿನ ವ್ಯಾಪಾರ ಮಾಡುತ್ತಿದ್ದ ಅಮೆರಿಕದ ಕಂಪನಿಯೊಂದು ಅದನ್ನು ಕೊಂಡಿತು. ತನ್ನ ಹಡಗುಗಳಿಗೆಲ್ಲ ‘ಸ್ಟಾರ್’ ಎಂಬ ಪದದಿಂದ ಆರಂಭವಾಗುವ ಹೆಸರಿಡುವುದು ಆ ಕಂಪನಿಯ ವಾಡಿಕೆ. ಅದರಂತೆ ೧೯೦೬ರಲ್ಲಿ ‘ಯೂಟರ್ಪಿ’ಯು ‘ಸ್ಟಾರ್ ಆಫ್ ಇಂಡಿಯಾ’ ಆಯಿತು. ೧೯೨೩ರಲ್ಲಿ ಅದರ ದುಡಿಮೆ ಮುಗಿಯಿತು. ೧೯೨೭ರಲ್ಲಿ ಅದನ್ನು ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ನಗರಕ್ಕೆ ಎಳೆದು ತಂದರು. ಅದನ್ನು ಒಂದು ವಸ್ತುಸಂಗ್ರಹಾಲಯದ ಮುಖ್ಯ ಆಕರ್ಷಣೆಯಾಗಿ ನಿಲ್ಲಿಸಬೇಕೆಂಬುದು ತಂದವರ ಆಸೆಯಾಗಿದ್ದಿತು.

ಆ ಆಸೆ ಕೈಗೂಡಲಿಲ್ಲ. ಮೊದಲು ಆರ್ಥಿಕ ಮುಗ್ಗಟ್ಟು, ಆಮೇಲೆ ಎರಡನೆಯ ಮಹಾಯುದ್ಧ. ಹಡಗು ಬಂದರಿನಲ್ಲಿ ಮೂಲೆಗುಂಪಾಯಿತು. ಬಣ್ಣ ಉದುರಿತು, ಹಗ್ಗ ಕೊಳೆಯಿತು. ೧೯೫೭ರಲ್ಲಿ ಅಲನ್ ವಿಲಿಯರ್ಸ್ ಎಂಬ ನಾವಿಕರು ಉಪನ್ಯಾಸಕ್ಕೆಂದು ಆ ನಗರಕ್ಕೆ ಬಂದರು. ಅವರು ಹಾಯಿಹಡಗುಗಳಲ್ಲಿ ದುಡಿದವರು, ಅವುಗಳ ವಿಷಯವಾಗಿ ಗ್ರಂಥಗಳನ್ನು ಬರೆದವರು. ಬಂದರಿನಲ್ಲಿ ಶಿಥಿಲವಾಗಿ ನಿಂತಿದ್ದ ಹಡಗನ್ನು ಕಂಡು ಅವರು ಸುಮ್ಮನಿರಲಿಲ್ಲ. ಅದರ ದುಃಸ್ಥಿತಿಯನ್ನು ಜನರ ಗಮನಕ್ಕೆ ತಂದರು. ನಗರದ ಜನ ಎಚ್ಚೆತ್ತರು. ಅನೇಕರು ಹಡಗಿನ ಜೀರ್ಣೋದ್ಧಾರಕ್ಕೆ ಹೆಗಲು ಕೊಟ್ಟರು. ಸುಮಾರು ಇಪ್ಪತ್ತು ವರ್ಷಗಳ ಪ್ರಯತ್ನದ ಫಲವಾಗಿ, ೧೯೭೬ನೆಯ ಇಸವಿಯ ಜುಲೈ ೪ರಂದು, ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ದಿನ, ‘ಸ್ಟಾರ್ ಆಫ್ ಇಂಡಿಯಾ’ ಮತ್ತೆ ಹಾಯಿ ಬಿಚ್ಚಿ ಕಡಲಿಗೆ ಹೊರಟಿತು.

ಹಡಗನ್ನು ದುರಸ್ತಿ ಮಾಡುವುದು ಒಂದು ಕೆಲಸ; ಅದನ್ನು ನಡೆಸುವುದು ಇನ್ನೊಂದು. ಮುರಿದ ಮರವನ್ನು ಬಡಗಿ ಸರಿಪಡಿಸಬಲ್ಲನು, ಹರಿದ ಹಾಯಿಯನ್ನು ಹೊಲಿಯಬಹುದು. ಆದರೆ ಹಾಯಿಯನ್ನು ಏರಿಸುವವರು ಯಾರು? ವೃತ್ತಿನಿರತ ನಾವಿಕರೆಲ್ಲ ಯಂತ್ರದ ಹಡಗುಗಳಿಗೆ ಹೊಂದಿಕೊಂಡು ದಶಕಗಳೇ ಕಳೆದಿದ್ದವು. ಆದುದರಿಂದ ಹಡಗಿಗೆ ಹೊಸ ಪಡೆಯನ್ನೇ ಕಲಿಸಿ ಸಿದ್ಧಗೊಳಿಸಬೇಕಾಯಿತು. ಹಾಗೆ ಮುಂದೆ ಬಂದವರು ಸ್ವಯಂಸೇವಕರು. ಬೇರೆ ಬೇರೆ ಉದ್ಯೋಗಗಳಲ್ಲಿರುವವರು, ನಿವೃತ್ತರು, ವಿದ್ಯಾರ್ಥಿಗಳು, ಗಂಡಸರು, ಹೆಂಗಸರು ಈ ಪಡೆಯಲ್ಲಿ ಜೊತೆಯಾಗಿ ನಿಲ್ಲುತ್ತಾರೆ. ಹಡಗು ಕಡಲಿಗೆ ಹೋಗುವುದು ಅಪರೂಪ. ವರ್ಷವೊಂದರಲ್ಲಿ ಒಂದೆರಡು ದಿನ ಮಾತ್ರ, ಕೆಲವು ವರ್ಷಗಳಲ್ಲಿ ಅದೂ ಇಲ್ಲ. ಆ ಒಂದೆರಡು ದಿನಗಳಿಗಾಗಿ ಅವರು ವರ್ಷವಿಡೀ ಭಾನುವಾರಗಳಂದು ಬಂದು ಅಭ್ಯಾಸ ಮಾಡುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ೧೮೬೪ರಲ್ಲಿ ಸಂಬಳಕ್ಕೆ ಬಂದ ನಾವಿಕರು ಇದೇ ಹಡಗಿನಲ್ಲಿ ದುಡಿಯಲಾರೆವೆಂದು ಸೆರೆಮನೆಗೆ ಹೋದರು. ಇಂದು ಒಂದು ಕಾಸನ್ನೂ ಪಡೆಯದ ಜನ ಅದೇ ಹಡಗಿನ ಹಗ್ಗ ಹಿಡಿಯಲು ಸಾಲುಗಟ್ಟಿ ಬರುತ್ತಾರೆ. ಅಂದಿನವರನ್ನು ನಾವು ಹಳಿಯಬೇಕಾಗಿಲ್ಲ. ಅವರ ಬಾಳು ಕಷ್ಟದ್ದು. ಊಟ ಕಳಪೆ, ಕೂಲಿ ಅಲ್ಪ, ಸಾವು ಹತ್ತಿರ. ಆದರೆ ಒತ್ತಾಯಕ್ಕೆ ಮಾಡುವ ಕೆಲಸಕ್ಕೂ ಒಲಿದು ಮಾಡುವ ಕೆಲಸಕ್ಕೂ ಇರುವ ಅಂತರ ಎಷ್ಟೆಂಬುದನ್ನು ಈ ಒಂದೇ ಹಡಗಿನ ಚರಿತ್ರೆ ತೋರಿಸುತ್ತದೆ.

ಒಲಿದು ಬಂದವರೆಂದು ಶಿಕ್ಷಣದಲ್ಲಿ ರಿಯಾಯಿತಿ ಇಲ್ಲ. ಗಾಳಿಗೆ ಸಂಬಳದವನೂ ಒಂದೇ, ಸ್ವಯಂಸೇವಕನೂ ಒಂದೇ.

ಮೊದಲ ಪಾಠ ಹಗ್ಗಗಳದು. ಇಂತಹ ಹಡಗಿನಲ್ಲಿ ಹಾಯಿಗಳನ್ನು ಏರಿಸುವ, ಇಳಿಸುವ, ತಿರುಗಿಸುವ ಹಗ್ಗಗಳು ನೂರಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಕೆಲಸ, ಒಂದು ನಿಶ್ಚಿತ ಸ್ಥಳ. ಹಡಗಿನ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿದ ಗೂಟಗಳಿಗೆ ಅವುಗಳನ್ನು ಸುತ್ತಿರುತ್ತಾರೆ. ಯಾವ ಗೂಟದಲ್ಲಿ ಯಾವ ಹಗ್ಗವೆಂಬುದನ್ನು ಶಿಕ್ಷಾರ್ಥಿಯು ಬಾಯಿಪಾಠ ಮಾಡಿದರೆ ಸಾಲದು. ಕತ್ತಲೆಯಲ್ಲಿ ತಡವಿ ಗುರುತಿಸುವಂತಾಗಬೇಕು. ಏಕೆಂದರೆ ಬಿರುಗಾಳಿ ಬೆಳಕು ಹರಿಯುವವರೆಗೆ ಕಾಯುವುದಿಲ್ಲ. ತಪ್ಪು ಹಗ್ಗವನ್ನು ಬಿಚ್ಚಿದರೆ ತಲೆಯ ಮೇಲಿನ ಭಾರವಾದ ಅಡ್ಡಮರ ಸರಕ್ಕನೆ ಇಳಿಯಬಹುದು. ಬಿಗಿದು ನಿಂತ ಹಗ್ಗ ಅಂಗೈಯ ಮೂಲಕ ಜಾರಿದರೆ ಚರ್ಮ ಸುಟ್ಟುಹೋಗುತ್ತದೆ. ಆದುದರಿಂದ ಗೂಟದಿಂದ ಹಗ್ಗವನ್ನು ಬಿಚ್ಚುವ ಮೊದಲು ಅದರ ಇನ್ನೊಂದು ತುದಿಯಲ್ಲಿ ಏನಿದೆ, ಎಷ್ಟು ಭಾರವಿದೆ ಎಂಬುದನ್ನು ನೋಡಿಕೊಳ್ಳಬೇಕೆಂಬುದು ಮೊದಲ ದಿನದ ಪಾಠ.

ಎರಡನೆಯ ಪಾಠ ಆಜ್ಞೆಯದು. ಅಧಿಕಾರಿಯು ಕೊಟ್ಟ ಆಜ್ಞೆಯನ್ನು ಕೇಳಿದವನು ಗಟ್ಟಿಯಾಗಿ ಹಿಂದಕ್ಕೆ ಹೇಳಬೇಕು. ಗಾಳಿಯ ಅಬ್ಬರದಲ್ಲಿ ಒಂದು ಪದ ಮತ್ತೊಂದಾಗಿ ಕೇಳಿಸಬಹುದು. ಮರುನುಡಿದಾಗ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ‘ನಿಲ್ಲಿ’ ಎಂದಾಗ ಎಲ್ಲರ ಕೈಯೂ ನಿಲ್ಲಬೇಕು. ಹಗ್ಗವನ್ನು ಎಳೆಯುವಾಗ ಎಲ್ಲರೂ ಒಂದೇ ಉಸಿರಿನಲ್ಲಿ ಎಳೆಯಬೇಕು. ಹತ್ತು ಜನ ಹತ್ತು ಗಳಿಗೆಯಲ್ಲಿ ಎಳೆದರೆ ಹಾಯಿ ಗೇಣುದ್ದವೂ ಏರದು. ಅದೇ ಹತ್ತು ಜನ ಒಂದೇ ಗಳಿಗೆಯಲ್ಲಿ ಎಳೆದರೆ ಮೊಳ ಮೊಳವಾಗಿ ಏರುತ್ತದೆ. ಹಿಂದಿನ ನಾವಿಕರು ಹಾಡು ಹೇಳುತ್ತ ಎಳೆಯುತ್ತಿದ್ದುದು ಬರಿಯ ವಿನೋದಕ್ಕಲ್ಲ. ನಮ್ಮಲ್ಲಿ ತೇರೆಳೆಯುವವರು, ದಿಮ್ಮಿ ಸಾಗಿಸುವವರು ದನಿಗೂಡಿಸುವುದೂ ಇದೇ ಕಾರಣಕ್ಕೆ.

ಮೂರನೆಯ ಪಾಠ ಅತ್ಯಂತ ಕಠಿಣವಾದುದು. ಅದು ಕೂವೆಮರವನ್ನು ಏರುವುದು. ‘ಸ್ಟಾರ್ ಆಫ್ ಇಂಡಿಯಾ’ದ ನಡುವಿನ ಕೂವೆಮರ ಸುಮಾರು ೧೨೫ ಅಡಿ ಎತ್ತರವಿದೆ. ಹಾಯಿಗಳನ್ನು ಬಿಚ್ಚಲು ಮತ್ತು ಸುತ್ತಿ ಕಟ್ಟಲು ಹಗ್ಗದ ಏಣಿಯ ಮೇಲೆ ಅಷ್ಟೆತ್ತರಕ್ಕೆ ಏರಬೇಕು. ಏರುವ ಮೊದಲು ಜೇಬುಗಳನ್ನು ಬರಿದು ಮಾಡಬೇಕು. ಚಾಕುವನ್ನು ದಾರದಿಂದ ಮೈಗೆ ಕಟ್ಟಿಕೊಳ್ಳಬೇಕು. ಮೇಲಿನಿಂದ ಬಿದ್ದ ಒಂದು ಸಣ್ಣ ಉಪಕರಣವೂ ಕೆಳಗಿರುವವನ ಪ್ರಾಣ ತೆಗೆಯಬಲ್ಲದು. ಗಾಳಿ ಬೀಸಿ ಬರುವ ಪಕ್ಕದಿಂದಲೇ ಏರಬೇಕು. ಆಗ ಗಾಳಿ ಮನುಷ್ಯನನ್ನು ಏಣಿಯ ಕಡೆಗೆ ಒತ್ತಿ ಹಿಡಿಯುತ್ತದೆ. ಕೈಯನ್ನು ಮೆಟ್ಟಿಲಿನ ಮೇಲಿಡದೆ ನೆಟ್ಟನೆಯ ಹಗ್ಗದ ಮೇಲಿಡಬೇಕು. ಮೆಟ್ಟಿಲು ಸವೆದು ತುಂಡಾಗಬಹುದು. ನೆಟ್ಟನೆಯ ಹಗ್ಗ ಕೂವೆಮರವನ್ನೇ ಹಿಡಿದು ನಿಲ್ಲಿಸುವಷ್ಟು ಬಲವಾದುದು.

ಮೇಲೆ ಹೋದ ಮೇಲೆ ಅಡ್ಡಮರದ ಕೆಳಗೆ ಜೋತುಬಿದ್ದ ಒಂದೇ ಹಗ್ಗದ ಮೇಲೆ ಕಾಲಿಟ್ಟು, ಅಡ್ಡಮರದ ಮೇಲೆ ಹೊಟ್ಟೆಯೂರಿ ಕೆಲಸ ಮಾಡಬೇಕು. ಒಬ್ಬನು ಆ ಹಗ್ಗದ ಮೇಲೆ ಕಾಲಿಟ್ಟರೆ ಅದರ ಮೇಲೆ ನಿಂತ ಇನ್ನೊಬ್ಬನ ಕಾಲು ಅಲುಗುತ್ತದೆ. ಆದುದರಿಂದ ಹೊಸದಾಗಿ ಬರುವವನು ‘ಕಾಲಿಡುತ್ತಿದ್ದೇನೆ’ ಎಂದು ಕೂಗಿ ತಿಳಿಸಿ, ಆಮೇಲೆಯೇ ಹೆಜ್ಜೆಯಿಡಬೇಕು. ತನ್ನ ಹೆಜ್ಜೆ ಮತ್ತೊಬ್ಬನ ನೆಲೆಯನ್ನು ಅಲುಗಿಸುತ್ತದೆ ಎಂಬ ಅರಿವು ಈ ವಿದ್ಯೆಯ ತಿರುಳು. ಒಂದು ಕೈ ನಿನಗೆ, ಒಂದು ಕೈ ಹಡಗಿಗೆ ಎಂದು ನಾವಿಕರಲ್ಲಿ ಹಳೆಯ ಮಾತೊಂದಿದೆ. ಹಿಂದೆ ಆ ಕೈಯೇ ಆಸರೆಯಾಗಿದ್ದಿತು. ಇಂದು ನಡುಪಟ್ಟಿಯೂ ಅದಕ್ಕೆ ಬಿಗಿಯುವ ಕೊಂಡಿಯೂ ಇವೆ. ಎತ್ತರವನ್ನು ಕಂಡು ಅಂಜುವವರನ್ನು ಯಾರೂ ಬಲವಂತಪಡಿಸುವುದಿಲ್ಲ. ಕೆಳಗೆ ನಿಂತು ಹಗ್ಗ ಎಳೆಯುವವನ ಕೆಲಸ ಮೇಲಿನವನ ಕೆಲಸಕ್ಕಿಂತ ಕಡಿಮೆಯದಲ್ಲ.

ಈ ಪಾಠಗಳೆಲ್ಲ ಒಂದುಗೂಡುವುದು ಹಡಗನ್ನು ತಿರುಗಿಸುವ ಹೊತ್ತಿನಲ್ಲಿ. ಗಾಳಿ ಎದುರಿನಿಂದ ಬೀಸುವಾಗ ಹಾಯಿಹಡಗು ನೇರವಾಗಿ ಮುಂದೆ ಸಾಗಲಾರದು. ಘಟ್ಟದ ರಸ್ತೆ ತಿರುವು ತಿರುವಾಗಿ ಬೆಟ್ಟವನ್ನೇರುವಂತೆ, ಹಡಗು ಗಾಳಿಗೆ ಓರೆಯಾಗಿ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಸಾಗಿ ಮುನ್ನಡೆಯಬೇಕು. ಪ್ರತಿ ತಿರುವಿನಲ್ಲಿಯೂ ಅದರ ಮೂತಿ ಗಾಳಿಯನ್ನು ಹಾದು ಹೋಗಬೇಕು. ಆಜ್ಞೆಯಾದೊಡನೆ ಎಲ್ಲರೂ ತಮ್ಮ ತಮ್ಮ ಹಗ್ಗಗಳ ಬಳಿ ನಿಲ್ಲುತ್ತಾರೆ. ಚುಕ್ಕಾಣಿ ಹಿಡಿದವರು ಚಕ್ರವನ್ನು ತಿರುಗಿಸುತ್ತಾರೆ. ಮೂತಿ ಗಾಳಿಯತ್ತ ಹೊರಳುತ್ತದೆ. ಹಾಯಿಗಳು ಪಟಪಟನೆ ಬಡಿದುಕೊಳ್ಳುತ್ತವೆ. ಗಾಳಿಯು ಮುಂದಿನ ಕೂವೆಮರದ ಹಾಯಿಗಳನ್ನು ಹಿಂದಿನಿಂದ ತುಂಬುವುದರ ಬದಲು ಮುಂದಿನಿಂದ ಒತ್ತಿ ಮೂತಿಯನ್ನು ಇನ್ನಷ್ಟು ಹೊರಳಿಸುತ್ತದೆ. ಸರಿಯಾದ ಗಳಿಗೆಯಲ್ಲಿ ನಡುವಿನ ಕೂವೆಮರದ ಅಡ್ಡಮರಗಳನ್ನು ಒಂದೇ ಸಲ ಎಳೆದು ತಿರುಗಿಸಬೇಕು. ಮೂತಿ ಗಾಳಿಯನ್ನು ದಾಟಿದ ಮೇಲೆ ಮುಂದಿನವನ್ನು ತಿರುಗಿಸಬೇಕು. ಬೇಗನೆ ಎಳೆದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ತಪ್ಪಿದರೆ ಹಡಗು ಗಾಳಿಗೆ ಮುಖವೊಡ್ಡಿ ನಿಂತುಬಿಡುತ್ತದೆ. ಚುಕ್ಕಾಣಿಯ ಮಾತನ್ನು ಕೇಳದೆ ಹಿಂದಕ್ಕೆ ಸರಿಯುತ್ತದೆ. ಹತ್ತಿರದಲ್ಲಿ ಬಂಡೆಗಳಿದ್ದರೆ ಅಪಾಯ ತಪ್ಪದು. ಸಾವಿರಾರು ಮಣ ತೂಕದ ಕಬ್ಬಿಣದ ಒಡಲನ್ನು ಯಂತ್ರವಿಲ್ಲದೆ ತಿರುಗಿಸಿದ ಆ ಗಳಿಗೆಯಲ್ಲಿ, ಇದು ನನ್ನೊಬ್ಬನಿಂದಾಯಿತೆಂದು ಹೇಳಬಲ್ಲವರು ಹಡಗಿನಲ್ಲಿ ಒಬ್ಬರೂ ಇರುವುದಿಲ್ಲ. ನಾನಿಲ್ಲದೆಯೂ ಆಗುತ್ತಿತ್ತೆಂದು ಹೇಳಬಲ್ಲವರೂ ಇರುವುದಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಕೇಳಬಹುದು. ಉತ್ತರ ಕಡಲಿನಲ್ಲಿದೆ. ಅಲನ್ ವಿಲಿಯರ್ಸರು ಸ್ಯಾನ್ ಡಿಯೇಗೋಗೆ ಬಂದ ಅದೇ ೧೯೫೭ರಲ್ಲಿ, ಸೆಪ್ಟೆಂಬರ್ ೨೧ರಂದು, ಜರ್ಮನಿಯ ‘ಪಾಮಿರ್’ ಎಂಬ ಹಾಯಿಹಡಗು ಅಟ್ಲಾಂಟಿಕ್ ಸಾಗರದಲ್ಲಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ಸರಕು ಸಾಗಿಸುತ್ತ ತರುಣರಿಗೆ ನೌಕಾವಿದ್ಯೆ ಕಲಿಸುತ್ತಿದ್ದ ಹಡಗು ಅದು. ಬಾರ್ಲಿ ಧಾನ್ಯವನ್ನು ಚೀಲಗಳಲ್ಲಿ ಬಿಗಿಯದೆ ಬಹುಪಾಲು ಸಡಿಲವಾಗಿ ತುಂಬಿದ್ದರು. ಹಡಗು ವಾಲಿದಾಗ ಧಾನ್ಯ ಒಂದು ಪಕ್ಕಕ್ಕೆ ಜರುಗಿತು. ಹಡಗಿನಲ್ಲಿದ್ದ ೮೬ ಮಂದಿಯಲ್ಲಿ ಬದುಕುಳಿದವರು ಆರು ಜನ ಮಾತ್ರ. ತೀರಿಹೋದವರಲ್ಲಿ ಅನೇಕರು ಹದಿಹರೆಯದ ಶಿಕ್ಷಾರ್ಥಿಗಳು. ಕಡಲಿನ ಮೇಲೆ ‘ಇಷ್ಟು ಸಾಕು’ ಎಂಬ ಮಾತು ಎಷ್ಟು ಅಪಾಯದ್ದೆಂಬುದನ್ನು ಈ ದುರಂತ ಲೋಕಕ್ಕೆ ತಿಳಿಸಿತು. ಇಂದು ಹೊಸಬನೊಬ್ಬನು ಗಂಟು ಹಾಕಿದಾಗ ಶಿಕ್ಷಕನು ಅದನ್ನು ಬಿಚ್ಚಿಸಿ ಮತ್ತೆ ಹಾಕಿಸುವುದು ಕೋಪದಿಂದಲ್ಲ; ಆ ಗಂಟನ್ನು ನಂಬಿ ನಾಳೆ ಒಬ್ಬನು ಕಾಲೂರಬೇಕಾಗಿದೆ.

ಈ ಶಿಕ್ಷಣ ಬಲಿಷ್ಠರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ೧೯೮೫ರಲ್ಲಿ ನೀರಿಗಿಳಿದ ‘ಲಾರ್ಡ್ ನೆಲ್ಸನ್’ ಎಂಬ ಹಾಯಿಹಡಗನ್ನು ಅಂಗವಿಕಲರೂ ನಾವಿಕರಾಗಿ ದುಡಿಯಲೆಂದೇ ಕಟ್ಟಿದರು. ಗಾಲಿಕುರ್ಚಿಯಲ್ಲಿ ಕುಳಿತವರು ಅದರಲ್ಲಿ ಹಗ್ಗ ಎಳೆದರು. ಕುರ್ಚಿಯ ಸಮೇತ ಕೂವೆಮರದ ಮೇಲಕ್ಕೂ ಏರಿದರು. ಕಣ್ಣಿಲ್ಲದವರು ಧ್ವನಿ ಮಾಡುವ ದಿಕ್ಸೂಚಿಯನ್ನು ಆಲಿಸಿ ಚುಕ್ಕಾಣಿ ಹಿಡಿದರು. ಅವರನ್ನು ಅದರಲ್ಲಿ ಪ್ರಯಾಣಿಕರನ್ನಾಗಿ ಕೂರಿಸಲಿಲ್ಲ, ಕೆಲಸ ಕೊಟ್ಟರು. ಅದನ್ನು ನಡೆಸುತ್ತಿದ್ದ ಸಂಸ್ಥೆ ಹಣದ ಕೊರತೆಯಿಂದ ೨೦೨೩ರಲ್ಲಿ ಮುಚ್ಚಿಹೋಯಿತು. ಒಳ್ಳೆಯ ಕಾರ್ಯಗಳು ತಮ್ಮಷ್ಟಕ್ಕೆ ತಾವೇ ಉಳಿಯುವುದಿಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.

‘ಲಾರ್ಡ್ ನೆಲ್ಸನ್’ನ ವಿನ್ಯಾಸವನ್ನು ರಚಿಸಿದ ಕಾಲಿನ್ ಮ್ಯೂಡಿ ಅವರೇ ನಮ್ಮ ನೌಕಾಪಡೆಯ ‘ತರಂಗಿಣಿ’ಯನ್ನೂ ವಿನ್ಯಾಸಗೊಳಿಸಿದರು. ಗೋವೆಯ ಹಡಗುಕಟ್ಟೆಯಲ್ಲಿ ನಿರ್ಮಾಣವಾಗಿ ೧೯೯೭ರ ನವೆಂಬರಿನಲ್ಲಿ ಸೇವೆಗೆ ಸೇರಿದ ಈ ಮೂರು ಕೂವೆಮರದ ಹಡಗಿನ ನೆಲೆ ಕೊಚ್ಚಿ. ೨೦೦೩–೦೪ರಲ್ಲಿ ಅದು ಭೂಪ್ರದಕ್ಷಿಣೆ ಮಾಡಿತು. ಅದರ ಸೋದರಿಯಾದ ‘ಸುದರ್ಶಿನಿ’ ೨೦೧೨ರಲ್ಲಿ ಸೇವೆಗೆ ಬಂದಿತು. ಇವುಗಳಲ್ಲಿ ಕಲಿಯುವವರು ಸ್ವಯಂಸೇವಕರಲ್ಲ, ನೌಕಾಪಡೆಯ ಶಿಕ್ಷಾರ್ಥಿಗಳು. ಉಪಗ್ರಹಗಳು ದಾರಿ ತೋರಿಸುವ ಈ ಕಾಲದಲ್ಲಿ ಯುದ್ಧನೌಕೆಯ ಭಾವೀ ಅಧಿಕಾರಿಗೆ ಹಾಯಿಯೇಕೆ? ಯಂತ್ರದ ಹಡಗಿನಲ್ಲಿ ಗಾಳಿಯನ್ನು ಗಮನಿಸದೆಯೂ ದಿನ ಕಳೆಯಬಹುದು. ಹಾಯಿಹಡಗಿನಲ್ಲಿ ಗಾಳಿ, ಅಲೆ, ಮೋಡ, ಜೊತೆಗಾರ ಇವುಗಳಲ್ಲಿ ಒಂದನ್ನು ಮರೆತರೂ ದಿನ ಸಾಗದು. ಆದುದರಿಂದ ಕಡಲಿನ ಮೊದಲ ಪಾಠಕ್ಕೆ ಹಾಯಿಗಿಂತ ಉತ್ತಮ ಗುರುವಿಲ್ಲ.

ಹಳೆಯ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಹಳೆಯ ವಿದ್ಯೆಯನ್ನು ಹಾಗೆ ಇಡಲಾಗದು. ಅದನ್ನು ಬಳಸುತ್ತಲೇ ಕಾಪಾಡಬೇಕು. ಒಂದೂವರೆ ಶತಮಾನವನ್ನು ದಾಟಿದ ಕಬ್ಬಿಣದ ಹಡಗೊಂದು ಇಂದಿಗೂ ಗಾಳಿಗೆ ಮೈಯೊಡ್ಡಿ ಸಾಗುವುದಾದರೆ, ಅದಕ್ಕೆ ಕಾರಣ ಕಬ್ಬಿಣದ ಗಟ್ಟಿತನ ಮಾತ್ರವಲ್ಲ. ಪ್ರತಿ ತಲೆಮಾರಿನಲ್ಲಿಯೂ ಯಾರೋ ಒಬ್ಬರು ತಮ್ಮ ಭಾನುವಾರವನ್ನು ಕೊಟ್ಟು ಹಗ್ಗದ ಹೆಸರನ್ನು ಕಲಿತರು. ಕಲಿತುದನ್ನು ಪಕ್ಕದಲ್ಲಿ ನಿಂತವರ ಕೈಗೆ ದಾಟಿಸಿದರು. ನಮ್ಮ ಊರುಗಳಲ್ಲಿಯೂ ಮಗ್ಗ, ಕುಲುಮೆ, ದೋಣಿ, ವಾದ್ಯ ಎಂಬ ಎಷ್ಟೋ ವಿದ್ಯೆಗಳು ಹಾಗೆ ದಾಟಿಸಿಕೊಳ್ಳುವ ಕೈಗಳಿಗಾಗಿ ಕಾದಿವೆ.

ಪದಗಳ ಅರ್ಥ

ಹಾಯಿ – ಗಾಳಿಯನ್ನು ಹಿಡಿಯಲು ಹಡಗಿಗೆ ಕಟ್ಟುವ ದೊಡ್ಡ ಬಟ್ಟೆ, ಪಟ
ಕೂವೆಮರ – ಹಾಯಿ ಕಟ್ಟಲು ಹಡಗಿನಲ್ಲಿ ನಿಲ್ಲಿಸಿದ ಕಂಬ
ಅಡ್ಡಮರ – ಕೂವೆಮರಕ್ಕೆ ಅಡ್ಡಲಾಗಿ ಕಟ್ಟಿದ, ಹಾಯಿ ಜೋತುಬೀಳುವ ಮರ
ಚುಕ್ಕಾಣಿ – ಹಡಗಿನ ದಿಕ್ಕನ್ನು ಬದಲಿಸುವ ಸಾಧನ
ಮಂಜಿ – ಕರಾವಳಿಯ ಸರಕಿನ ದೊಡ್ಡ ದೋಣಿ
ಜೀರ್ಣೋದ್ಧಾರ – ಹಾಳಾದುದನ್ನು ಸರಿಪಡಿಸುವುದು
ಶಿಥಿಲ – ಸಡಿಲವಾದ, ಹಾಳಾದ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
೧. ‘ಸ್ಟಾರ್ ಆಫ್ ಇಂಡಿಯಾ’ ಹಡಗಿನ ಮೊದಲ ಹೆಸರೇನು?
೨. ಕೂವೆಮರವನ್ನು ಗಾಳಿ ಬೀಸಿ ಬರುವ ಪಕ್ಕದಿಂದ ಏಕೆ ಏರಬೇಕು?
೩. ‘ತರಂಗಿಣಿ’ ಹಡಗು ಎಲ್ಲಿ ನಿರ್ಮಾಣವಾಯಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
೧. ಭಾರತಕ್ಕೆ ಹೊರಟ ಮೊದಲ ಎರಡು ಪಯಣಗಳಲ್ಲಿ ‘ಯೂಟರ್ಪಿ’ಗೆ ಒದಗಿದ ಕಷ್ಟಗಳಾವುವು?
೨. ಆಜ್ಞೆಯನ್ನು ಮರುನುಡಿಯುವುದರಿಂದ ಆಗುವ ಪ್ರಯೋಜನವೇನು?
೩. ಎದುರು ಗಾಳಿಯಲ್ಲಿ ಹಾಯಿಹಡಗನ್ನು ಹೇಗೆ ತಿರುಗಿಸುತ್ತಾರೆ?

ಇ. ಸಂದರ್ಭದೊಡನೆ ವಿವರಿಸಿ.
೧. “ಗಾಳಿಗೆ ಸಂಬಳದವನೂ ಒಂದೇ, ಸ್ವಯಂಸೇವಕನೂ ಒಂದೇ.”
೨. “ಒಂದು ಕೈ ನಿನಗೆ, ಒಂದು ಕೈ ಹಡಗಿಗೆ.”

ಈ. ಭಾಷಾಭ್ಯಾಸ
೧. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಸಂಗ್ರಹಾಲಯ, ಅತ್ಯಂತ, ಕೈಯನ್ನು.
೨. ಸ್ವಂತ ವಾಕ್ಯಗಳಲ್ಲಿ ಬಳಸಿ: ಹೆಗಲು ಕೊಡು, ಮೂಲೆಗುಂಪಾಗು, ಕೈಗೂಡು.

ಉ. ನಿಮ್ಮ ಊರಿನಲ್ಲಿ ಕಲಿಯುವವರಿಲ್ಲದೆ ಮರೆಯಾಗುತ್ತಿರುವ ಒಂದು ಕೈಕೆಲಸವನ್ನು ಬಲ್ಲ ಹಿರಿಯರನ್ನು ಕಂಡು, ಅವರು ಅದನ್ನು ಯಾರಿಂದ ಹೇಗೆ ಕಲಿತರೆಂಬುದನ್ನು ಕೇಳಿ ತಿಳಿದು, ಒಂದು ಪುಟದಲ್ಲಿ ಬರೆಯಿರಿ.